ಬ್ರಷ್‌ಗಳ ಕಣಜ ಬೇರೆ, ಕೆಲಸದ ಮೇಜು ಬೇರೆ

ಪ್ರಶ್ನೆ: 7 ವರ್ಷಗಳಿಂದ ಡಿಜಿಟಲ್ ಚಿತ್ರ ಬಿಡಿಸುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಫೋಟೋಶಾಪ್ ಮತ್ತು ಕ್ಲಿಪ್ ಸ್ಟುಡಿಯೋ ಪೇಂಟ್, ಐಪ್ಯಾಡಿನಲ್ಲಿ ಪ್ರೊಕ್ರಿಯೇಟ್ ಬಳಸುತ್ತೇನೆ. ಉಚಿತವಾಗಿ ಸಿಕ್ಕಿದ್ದು, ದುಡ್ಡು ಕೊಟ್ಟು ಕೊಂಡಿದ್ದು, ಗೆಳೆಯರು ಕಳಿಸಿದ್ದು ಎಲ್ಲ ಸೇರಿ 4000ಕ್ಕೂ ಹೆಚ್ಚು ಬ್ರಷ್‌ಗಳಾಗಿವೆ. ಪ್ಯಾನೆಲ್ ತೆರೆದರೆ ಸ್ಕ್ರೋಲ್ ಮಾಡುವುದೇ ಒಂದು ಕೆಲಸ. ಎರಡು ಸಲ ಫೋಲ್ಡರ್ ಮಾಡಿ ಜೋಡಿಸಲು ಹೊರಟೆ, ಎರಡು ಸಲವೂ ಅರ್ಧಕ್ಕೇ ಕೈಬಿಟ್ಟೆ. ಹಿಂದೊಮ್ಮೆ ಭಾವಚಿತ್ರವೊಂದಕ್ಕೆ ಬಳಸಿದ್ದ ಇದ್ದಿಲಿನಂಥ ಬ್ರಷ್ ಈಗ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲೇ? ಜೋಡಿಸುವುದಕ್ಕೆ ಸರಿಯಾದ ಕ್ರಮ ಏನಾದರೂ ಇದೆಯೇ?

ಉತ್ತರ: ಅಳಿಸಬೇಡಿ. ಈ ಕೆಲಸ ಮುಗಿಯುವವರೆಗೆ ಒಂದೇ ಒಂದು ಬ್ರಷ್ ಕೂಡ ಅಳಿಸಬೇಡಿ. ಹಾಗೆಯೇ ಇವತ್ತು ಹೊಸ ಫೋಲ್ಡರ್ ಮಾಡುವುದಕ್ಕೂ ಹೋಗಬೇಡಿ. ನೀವು ಎರಡು ಸಲ ಅರ್ಧಕ್ಕೆ ಬಿಟ್ಟಿದ್ದು ಸೋಮಾರಿತನದಿಂದ ಅಲ್ಲ ಅಂತ ನನಗೆ ಖಾತ್ರಿಯಿದೆ. ಬ್ರಷ್ ಜೋಡಿಸಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಪ್ಯಾನೆಲ್‌ನಲ್ಲಿರುವ ಎಲ್ಲ ಬ್ರಷ್‌ಗಳನ್ನೂ ಅದೇ ಪ್ಯಾನೆಲ್ ಒಳಗೇ ವಿಂಗಡಿಸಲು ಹೊರಡುತ್ತಾರೆ. 4000 ಬ್ರಷ್‌ಗಳನ್ನು 60 ಫೋಲ್ಡರುಗಳಿಗೆ ಹಂಚಿದರೂ ಅವು 4000 ಬ್ರಷ್‌ಗಳೇ. ಮೊದಲು ಬ್ರಷ್ ಹುಡುಕುತ್ತಿದ್ದವರು ಆಮೇಲೆ ಫೋಲ್ಡರ್ ಹುಡುಕುತ್ತಾರೆ, ಅಷ್ಟೇ ವ್ಯತ್ಯಾಸ.

ನಾನು ಹೇಳುವುದರ ಸಾರ ಇಷ್ಟೇ: ಕೂಡಿಡುವ ಜಾಗ ಬೇರೆ, ಕೆಲಸ ಮಾಡುವ ಜಾಗ ಬೇರೆ. ಕೂಡಿಟ್ಟದ್ದನ್ನು ಕಣಜ ಅನ್ನೋಣ, ಕೈಯಳತೆಯಲ್ಲಿ ಇರುವುದನ್ನು ಮೇಜು ಅನ್ನೋಣ. ಕಣಜದಲ್ಲಿ 4000 ಇರಲಿ, 40,000 ಇರಲಿ, ತೊಂದರೆಯಿಲ್ಲ. ಮೇಜಿನ ಮೇಲೆ ಮಾತ್ರ ಕಣ್ಣು ಒಂದು ನೋಟಕ್ಕೆ ಹಿಡಿಯುವಷ್ಟೇ ಇರಬೇಕು. ಕಣಜ ಚಿತ್ರ ಬಿಡಿಸುವ ತಂತ್ರಾಂಶದ ಹೊರಗಿರುತ್ತದೆ, ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯ ಫೈಲುಗಳಾಗಿ. ಮೇಜು ತಂತ್ರಾಂಶದ ಒಳಗಿರುತ್ತದೆ. ಈಗ ನಿಮ್ಮಲ್ಲಿ ಇವೆರಡೂ ಕಲಸಿಹೋಗಿವೆ. ಅದನ್ನು ಬಿಡಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ.

ಹಾಗಾಗಿ ಮೊದಲ ದಿನದ ಕೆಲಸ ವಿಂಗಡಣೆಯಲ್ಲ, ಪ್ರತಿ ತೆಗೆದಿಡುವುದು. ನಿಮ್ಮ ಬ್ರಷ್‌ಗಳು ನಿಜವಾಗಿ ಎಲ್ಲಿ ವಾಸವಾಗಿವೆ ಎಂದು ಒಮ್ಮೆ ತಿಳಿದುಕೊಳ್ಳಿ. ಫೋಟೋಶಾಪ್‌ನಲ್ಲಿ ನೀವು ಒಂದು ಎಬಿಆರ್ ಫೈಲನ್ನು (ಫೋಟೋಶಾಪ್ ಬ್ರಷ್‌ಗಳನ್ನು ಕಟ್ಟಿಡುವ ಫೈಲು) ಎರಡು ಸಲ ಕ್ಲಿಕ್ ಮಾಡಿ ತುಂಬಿಸಿದರೆ, ಅದರೊಳಗಿನ ಬ್ರಷ್‌ಗಳ ಪ್ರತಿ ಫೋಟೋಶಾಪ್‌ನ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿರುವ ಒಂದೇ ಫೈಲಿಗೆ ಸೇರಿಕೊಳ್ಳುತ್ತದೆ. ಮೂಲ ಎಬಿಆರ್‌ಗೂ ಆ ಪ್ರತಿಗೂ ಆಮೇಲೆ ಸಂಬಂಧ ಇರುವುದಿಲ್ಲ. ಅದೇ ಎಬಿಆರ್ ಇನ್ನೊಮ್ಮೆ ತೆರೆದರೆ ಅದೇ ಬ್ರಷ್‌ಗಳು ಇನ್ನೊಮ್ಮೆ ಬಂದು ಕೂರುತ್ತವೆ. ನಿಮ್ಮ ಪಟ್ಟಿಯಲ್ಲಿ ಒಂದೇ ಬ್ರಷ್ ಮೂರು ಮೂರು ಸಲ ಕಾಣುತ್ತಿದ್ದರೆ ಕಾರಣ ಇದೇ ಇರಬೇಕು. ಇನ್ನೊಂದು ವಿಷಯ: ಹೊಸದಾಗಿ ಮಾಡಿದ ಅಥವಾ ತಿದ್ದಿದ ಬ್ರಷ್‌ಗಳನ್ನು ಫೋಟೋಶಾಪ್ ಸರಿಯಾಗಿ ಮುಚ್ಚುವಾಗ ಉಳಿಸಿಕೊಳ್ಳುತ್ತದೆ. ಮಧ್ಯದಲ್ಲೇ ಕ್ರ್ಯಾಶ್ ಆದರೆ ಅವತ್ತು ಮಾಡಿದ್ದು ಹೋಗುತ್ತದೆ. ಮೂರು ಗಂಟೆ ಕೂತು ಜೋಡಿಸಿ, ಮುಚ್ಚುವ ಮೊದಲೇ ಕಂಪ್ಯೂಟರ್ ನಿಂತುಹೋದರೆ ಮತ್ತೆ ಮೊದಲಿಂದ ಶುರು. ಆದ್ದರಿಂದ ಅರ್ಧ ಗಂಟೆಗೊಮ್ಮೆ ಫೋಟೋಶಾಪ್ ಮುಚ್ಚಿ ತೆರೆಯಿರಿ, ಅಥವಾ ಆಗಾಗ ಬ್ರಷ್‌ಗಳನ್ನು ಹೊರಗೆ ಫೈಲಾಗಿ ರಫ್ತು ಮಾಡಿ.

ಪ್ರೊಕ್ರಿಯೇಟ್‌ನಲ್ಲಿ ಬ್ರಷ್‌ಗಳು ಆ್ಯಪ್‌ನ ಒಳಗೇ ಇರುತ್ತವೆ. ಆ್ಯಪ್ ಅಳಿಸಿದರೆ ಬ್ರಷ್‌ಗಳೂ ಹೋಗುತ್ತವೆ, ಚಿತ್ರಗಳೂ ಹೋಗುತ್ತವೆ. ಐಪ್ಯಾಡಿನ ಪೂರ್ಣ ಬ್ಯಾಕಪ್ ಇಲ್ಲದಿದ್ದರೆ ಮರಳಿ ಬರುವ ದಾರಿಯಿಲ್ಲ. ಕ್ಲಿಪ್ ಸ್ಟುಡಿಯೋದಲ್ಲಿ ವ್ಯವಸ್ಥೆ ಇನ್ನೊಂದು ತರಹ. ಅದರ ಅಸೆಟ್ಸ್ ಭಂಡಾರದಿಂದ ಇಳಿಸಿಕೊಂಡದ್ದು ಮೊದಲು ಮೆಟೀರಿಯಲ್ ಪ್ಯಾಲೆಟ್‌ನ ಡೌನ್‌ಲೋಡ್ ಫೋಲ್ಡರಿಗೆ ಬರುತ್ತದೆ. ನೀವು ಅದನ್ನು ಎಳೆದು ಸಬ್ ಟೂಲ್ (ಅಲ್ಲಿ ಬ್ರಷ್‌ಗೆ ಇರುವ ಹೆಸರು) ಪ್ಯಾಲೆಟ್‌ಗೆ ಹಾಕಿದ ಮೇಲೆಯೇ ಬಳಕೆಗೆ ಸಿಗುವುದು. ಅಂದರೆ ಕಣಜ ಮತ್ತು ಮೇಜು ಬೇರೆ ಎನ್ನುವ ಮಾತು ಆ ತಂತ್ರಾಂಶದ ಕಟ್ಟಡದಲ್ಲೇ ಇದೆ. ಬಹಳ ಜನ ಅದನ್ನು ಕಿರಿಕಿರಿ ಅಂತ ಬಗೆಯುತ್ತಾರೆ, ನನಗಂತೂ ಅದು ತುಂಬ ಹಿಡಿಸಿದೆ.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಟ್ಯಾಬ್ಲೆಟ್ ಬದಲಿಸುವಾಗ, ಬ್ರಷ್‌ಗಳು ಖಾತೆಯ ಜೊತೆಗೇ ಬರುತ್ತವೆ ಅಂತ ನಂಬಿ ಹಳೆಯದನ್ನು ಅಳಿಸಿಬಿಟ್ಟೆ. ಡೌನ್‌ಲೋಡ್ ಮಾಡಿದ್ದೆಲ್ಲ ಹೇಗೋ ಮತ್ತೆ ಸಿಕ್ಕಿತು. ಆದರೆ ನಾನೇ ತಿದ್ದಿ ತಿದ್ದಿ ನನ್ನ ಕೈಗೆ ಹೊಂದಿಸಿಕೊಂಡಿದ್ದ ಹನ್ನೆರಡು ಬ್ರಷ್‌ಗಳು ಸಿಗಲೇ ಇಲ್ಲ. ಪೆನ್ನು ಒತ್ತಿದಂತೆ ಗೆರೆ ಹೇಗೆ ಬದಲಾಗಬೇಕೆಂದು ಹೇಳುವ ಒತ್ತಡದ ವಕ್ರರೇಖೆ ಹೇಗಿತ್ತು, ಮುದ್ರೆಗಳ ನಡುವಿನ ಅಂತರ ಎಷ್ಟಿತ್ತು ಎಂದು ನೆನಪಿಟ್ಟುಕೊಂಡಿರಲಿಲ್ಲ. ಕೈ ಮಾತ್ರ ಅವನ್ನು ಈಗಲೂ ಹುಡುಕುತ್ತದೆ. ನಿಮ್ಮ ಸಂಗ್ರಹದಲ್ಲಿ ಬೆಲೆಬಾಳುವುದು ಇದೇ, ನೀವು ತಿದ್ದಿದವು. ಉಳಿದವನ್ನು ಮತ್ತೆ ಇಳಿಸಿಕೊಳ್ಳಬಹುದು.

ಹಾಗಾಗಿ ಫೋಟೋಶಾಪ್‌ನಲ್ಲಿ ಎಲ್ಲ ಗುಂಪುಗಳನ್ನೂ ಆಯ್ಕೆ ಮಾಡಿ ಒಂದು ಎಬಿಆರ್ ಆಗಿ ರಫ್ತು ಮಾಡಿ. ಪ್ರೊಕ್ರಿಯೇಟ್‌ನಿಂದ ಸೆಟ್‌ಗಳನ್ನು ಬ್ರಷ್‌ಸೆಟ್ ಫೈಲುಗಳಾಗಿ ಹೊರಗೆ ಕಳಿಸಿ. ಕ್ಲಿಪ್ ಸ್ಟುಡಿಯೋದಲ್ಲಿ ನೀವು ತಿದ್ದಿದ ಸಬ್ ಟೂಲ್‌ಗಳನ್ನು ಎಸ್‌ಯುಟಿ ಫೈಲುಗಳಾಗಿ ತೆಗೆಯಿರಿ. ಎಲ್ಲಕ್ಕೂ ಆ ದಿನದ ತಾರೀಕು ಹಾಕಿ ಒಂದು ಫೋಲ್ಡರಿಗೆ ಸೇರಿಸಿ, ಅದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿ. ಇಷ್ಟಾದ ಮೇಲೆ ಪ್ಯಾನೆಲ್‌ನಲ್ಲಿ ಏನು ಮಾಡಿದರೂ ಭಯವಿಲ್ಲ.

ಈಗ ಕಣಜ ಕಟ್ಟೋಣ. ಇಲ್ಲಿ ತಲೆ ಕೆಡಿಸಿಕೊಳ್ಳುವುದಕ್ಕೆ ಹೆಚ್ಚೇನಿಲ್ಲ. ಕಣಜದಲ್ಲಿ ಬ್ರಷ್‌ಗಳನ್ನು ಬಿಡಿಬಿಡಿಯಾಗಿ ವಿಂಗಡಿಸಬೇಡಿ. ಬಂದ ಪ್ಯಾಕ್ ಬಂದ ಹಾಗೇ ಇರಲಿ, ಜಿಪ್ ಇದ್ದರೆ ಜಿಪ್ ಸಮೇತ. ತಂತ್ರಾಂಶಕ್ಕೊಂದು ಫೋಲ್ಡರ್, ಅದರೊಳಗೆ ಬ್ರಷ್ ಮಾಡಿದವರ ಹೆಸರಿನ ಫೋಲ್ಡರ್, ಅದರೊಳಗೆ ಪ್ಯಾಕ್‌ನ ಹೆಸರು ಮತ್ತು ನೀವು ಇಳಿಸಿಕೊಂಡ ವರ್ಷ. ಸಾಕು. ಕಣಜದಲ್ಲಿ ಮಾಡಿದವರ ಹೆಸರಿನ ಕ್ರಮವೇ ಸರಿ, ಏಕೆಂದರೆ ಅಲ್ಲಿಗೆ ನೀವು ಹೋಗುವುದು ‘ಆ ಕಲಾವಿದೆಯ ಪ್ಯಾಕ್ ಮತ್ತೆ ತುಂಬಿಸಬೇಕು’ ಎಂಬಂಥ ಕೆಲಸಕ್ಕೆ. ಯಾರು ಮಾಡಿದ್ದೆಂದು ಗೊತ್ತಿಲ್ಲದವಕ್ಕೆ ‘ಮೂಲ ತಿಳಿಯದು’ ಎಂಬ ಒಂದು ಫೋಲ್ಡರ್ ಇರಲಿ. ಪ್ರೊಕ್ರಿಯೇಟ್ ಬ್ರಷ್ ಆದರೆ ಬ್ರಷ್ ತಿದ್ದುವ ಪರದೆಯಾದ ಬ್ರಷ್ ಸ್ಟುಡಿಯೋದ ಕೊನೆಯಲ್ಲಿರುವ ‘ಈ ಬ್ರಷ್ ಬಗ್ಗೆ’ ಎಂಬ ಭಾಗ ತೆರೆದು ನೋಡಿ. ಮಾಡಿದವರು ಹೆಸರು, ಸಹಿ ಹಾಕಿದ್ದರೆ ಅಲ್ಲಿ ಕಾಣುತ್ತದೆ.

ಪ್ಯಾಕ್ ಜೊತೆ ಬಂದ ಪರವಾನಗಿಯ ಪಠ್ಯ ಫೈಲನ್ನು ಎಸೆಯಬೇಡಿ. ಕೆಲವು ಬ್ರಷ್‌ಗಳನ್ನು ದುಡ್ಡಿನ ಕೆಲಸಕ್ಕೆ ಬಳಸಬಹುದು, ಕೆಲವನ್ನು ಸ್ವಂತ ಅಭ್ಯಾಸಕ್ಕೆ ಮಾತ್ರ ಕೊಟ್ಟಿರುತ್ತಾರೆ. ಉಚಿತ ಎಂದ ಮಾತ್ರಕ್ಕೆ ಎಲ್ಲದಕ್ಕೂ ಬಳಸಬಹುದು ಎಂದಲ್ಲ. ಬ್ರಷ್ ಫೈಲನ್ನೇ ಇನ್ನೊಬ್ಬರಿಗೆ ಹಂಚುವುದಕ್ಕಂತೂ ಹೆಚ್ಚಿನ ಪರವಾನಗಿಗಳಲ್ಲಿ ಅವಕಾಶವಿರುವುದಿಲ್ಲ. ಗೆಳೆಯರು ಕಳಿಸಿದ್ದು ಎಂದು ಬರೆದಿದ್ದೀರಿ, ಅವನ್ನು ಬೇರೆಯೇ ಇಡಿ. ಮೂಲ ಪತ್ತೆಯಾಗುವವರೆಗೆ ಅವುಗಳಿಂದ ಯಾವ ಗ್ರಾಹಕರ ಕೆಲಸವನ್ನೂ ಮಾಡಬೇಡಿ. ಒಂದು ಬ್ರಷ್ ಮಾಡುವುದಕ್ಕೆ ಕಾಗದದ ಮೇಲೆ ನಿಜವಾದ ಮಸಿ ಉಜ್ಜಿ, ಸ್ಕ್ಯಾನ್ ಮಾಡಿ, ವಾರಗಟ್ಟಲೆ ತಿದ್ದುವವರಿದ್ದಾರೆ. ಅವರ ಹೆಸರು ನಮ್ಮ ಫೋಲ್ಡರಿನಲ್ಲಾದರೂ ಉಳಿಯಬೇಕು.

ಜಪಾನಿನ ಕಲಾವಿದರ ಬ್ರಷ್‌ಗಳು ನಿಮ್ಮಲ್ಲಿ ಇದ್ದೇ ಇರುತ್ತವೆ, ಕ್ಲಿಪ್ ಸ್ಟುಡಿಯೋ ಬಳಸುವವರಿಗೆ ಅದು ತಪ್ಪಿದ್ದಲ್ಲ. ಅವುಗಳ ಹಳೆಯ ಜಿಪ್ ಬಿಚ್ಚಿದಾಗ ಫೈಲಿನ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಬಂದರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಸರುಗಳನ್ನು ಶಿಫ್ಟ್ ಜಿಸ್ ಎಂಬ ಜಪಾನಿ ಸಂಕೇತದಲ್ಲಿ ಬರೆದಿರುತ್ತಾರೆ, ನಿಮ್ಮ ಕಂಪ್ಯೂಟರ್ ಅದನ್ನು ಬೇರೆ ಸಂಕೇತ ಅಂದುಕೊಂಡು ಓದುತ್ತದೆ. ಸಂಕೇತ ಆರಿಸಲು ಬಿಡುವ ತಂತ್ರಾಂಶದಲ್ಲಿ ಕೋಡ್ ಪೇಜ್ 932 ಎಂದು ಕೊಟ್ಟು ಬಿಚ್ಚಿದರೆ ಹೆಸರು ಸರಿಯಾಗಿ ಬರುತ್ತದೆ. ಜಿಪ್ ಎಸೆಯಬೇಡಿ ಎಂದಿದ್ದಕ್ಕೆ ಇದೂ ಒಂದು ಕಾರಣ. ತಪ್ಪು ಹೆಸರಿನಲ್ಲಿ ಬಿಚ್ಚಿ, ಮೂಲ ಅಳಿಸಿದ ಮೇಲೆ ಸರಿ ಹೆಸರು ಮತ್ತೆ ಸಿಗುವುದು ಕಷ್ಟ.

ಇನ್ನು ನಕಲು ಪ್ರತಿಗಳು. ಕಣಜದಲ್ಲಿ ಒಂದೇ ಫೈಲು ‘(1)’, ‘(2)’, ‘ಕಾಪಿ’ ಅಂತ ಬಾಲ ಹಚ್ಚಿಕೊಂಡು ಕೂತಿರುತ್ತದೆ. ಇವನ್ನು ಕಣ್ಣಿನಿಂದ ಹುಡುಕುತ್ತ ಕೂರಬೇಡಿ. ಡೂಪ್‌ಗುರುವಿನಂಥ ಉಚಿತ ತಂತ್ರಾಂಶ ಫೈಲಿನ ಒಳಗಿನ ದತ್ತಾಂಶವನ್ನೇ ಹೋಲಿಸುತ್ತದೆ, ಹೆಸರು ಬೇರೆಯಿದ್ದರೂ ಹಿಡಿಯುತ್ತದೆ. ಇದಕ್ಕೊಂದು ಮಿತಿಯಿದೆ. ಒಬ್ಬರ ಬ್ರಷ್‌ನ ತುದಿಯನ್ನೇ ಇನ್ನೊಬ್ಬರು ಎತ್ತಿಕೊಂಡು ಬೇರೆ ಪ್ಯಾಕ್‌ನಲ್ಲಿ ಸೇರಿಸಿದ್ದರೆ ಫೈಲು ಬೇರೆಯಾಗುತ್ತದೆ, ಅದು ಇಲ್ಲಿ ಸಿಕ್ಕಿಬೀಳುವುದಿಲ್ಲ. ಸಿಗದಿದ್ದರೆ ಬಿಡಿ, ಅದು ಕಣಜ. ನಕಲು ಇದ್ದರೂ ಯಾರಿಗೂ ಅಡ್ಡಿಯಿಲ್ಲ.

ಮೇಜಿಗೆ ಬರೋಣ. ನಿಜವಾದ ಕೆಲಸ ಇಲ್ಲೇ ಇರುವುದು, ಸಮಯ ಕೊಡಬೇಕಾದ್ದೂ ಇಲ್ಲಿಗೇ.

ಮೇಜಿನ ಮೇಲೆ ಎಷ್ಟು ಬ್ರಷ್ ಇರಬೇಕು? ನನ್ನ ಲೆಕ್ಕದಲ್ಲಿ ದಿನನಿತ್ಯಕ್ಕೆ 20ರಿಂದ 30. ಎಷ್ಟೋ ಜನರ ಚಿತ್ರ ಬಿಡಿಸುವ ಕ್ರಮವನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಪ್ಯಾನೆಲ್‌ನಲ್ಲಿ ಎಷ್ಟೇ ಇರಲಿ, ಒಂದು ಚಿತ್ರಕ್ಕೆ ಅವರ ಕೈ ಹೋಗುವುದು ಐದಾರು ಬ್ರಷ್‌ಗಳಿಗೆ. ಹಾಗಂತ ಬ್ರಷ್‌ಗಳನ್ನು ಕೂಡಿಡುವುದೇ ತಪ್ಪು ಎನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಹೊಸ ಬ್ರಷ್ ಒಂದು ಹೊಸ ಗೆರೆಯನ್ನು ಕೈಗೆ ಕಲಿಸುತ್ತದೆ. ಒಣ ಬ್ರಷ್‌ನ ಹರಕು ಅಂಚು ನೋಡಿದ ಮೇಲೆಯೇ ಎಷ್ಟೋ ಜನ ಅಂಚುಗಳನ್ನು ಅಲ್ಲಲ್ಲಿ ಕರಗಲು ಬಿಡುವುದು ಕಲಿತದ್ದು. ಆದ್ದರಿಂದ ಸಂಗ್ರಹ ಇರಲಿ. ಆದರೆ ಮೇಜಿಗೆ ಬರುವ ಬ್ರಷ್ ಪರೀಕ್ಷೆ ಪಾಸಾಗಿ ಬರಲಿ.

ಪರೀಕ್ಷೆಯ ಹಾಳೆಯೊಂದನ್ನು ಮಾಡಿಕೊಳ್ಳಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಮಾಮೂಲಾಗಿ ಕೆಲಸ ಮಾಡುವ ಅಳತೆಯಲ್ಲೇ, ಅಂದರೆ 4000 ಪಿಕ್ಸೆಲ್ ಅಗಲದ ಕ್ಯಾನ್ವಾಸ್ ಬಳಸುವವರಾದರೆ ಅಷ್ಟೇ ಅಗಲದಲ್ಲಿ, ಒಂದು ಹೊಸ ಫೈಲು ತೆರೆಯಿರಿ. ಹಿನ್ನೆಲೆ ಬಿಳಿ ಬೇಡ, ನಡುಮಧ್ಯದ ಬೂದು ಇರಲಿ. ಬಿಳಿಯ ಮೇಲೆ ಕಪ್ಪು ಎಳೆದರೆ ಎಲ್ಲ ಬ್ರಷ್ಷೂ ಚೆನ್ನಾಗಿ ಕಾಣುತ್ತದೆ, ಮೋಸ ಹೋಗುತ್ತೀರಿ. ಆ ಬೂದಿನ ಮೇಲೆ ಮೊದಲು ಒಂದು ಗೆರೆ, ಹಗುರವಾಗಿ ಶುರುವಾಗಿ ಪೂರ್ತಿ ಒತ್ತಡಕ್ಕೆ ಹೋಗಿ ಮತ್ತೆ ಹಗುರವಾಗಿ ಮುಗಿಯುವಂಥದ್ದು. ಎರಡನೆಯದು ಅದೇ ಗೆರೆ, ಆದರೆ ವೇಗವಾಗಿ. ಇದು ಮುಖ್ಯ. ನಿಧಾನ ಎಳೆದಾಗ ನುಣುಪಾಗಿ ಬರುವ ಎಷ್ಟೋ ಬ್ರಷ್‌ಗಳು ವೇಗದಲ್ಲಿ ಹಿಂದುಳಿದುಬಿಡುತ್ತವೆ. ಪೆನ್ನು ಮುಂದೆ ಹೋಗಿರುತ್ತದೆ, ಬಣ್ಣ ಹಿಂದಿನಿಂದ ಬರುತ್ತದೆ. ಮೂರನೆಯದಾಗಿ ಎರಡು ಬಣ್ಣದ ಚೌಕಗಳನ್ನು ಒಂದಕ್ಕೊಂದು ತಾಗುವಂತೆ ತುಂಬಿ, ಅವು ಸೇರುವ ಅಂಚನ್ನು ಇದೇ ಬ್ರಷ್‌ನಿಂದ ಬೆರೆಸಿ ನೋಡಿ. ನಾಲ್ಕನೆಯದಾಗಿ ಬ್ರಷ್‌ನ ಅಳತೆಯನ್ನು ತೀರಾ ಚಿಕ್ಕದು ಮಾಡಿ ಒಂದು ಕಣ್ಣಿನ ರೆಪ್ಪೆ ಬರೆಯಿರಿ, ತೀರಾ ದೊಡ್ಡದು ಮಾಡಿ ಒಂದು ಮೋಡ ಹಾಕಿ.

ಈ ನಾಲ್ಕನೆಯದರಲ್ಲಿ ಬಹಳ ಬ್ರಷ್‌ಗಳು ಬೀಳುತ್ತವೆ, ಮತ್ತು ಏಕೆ ಬೀಳುತ್ತವೆ ಎಂದು ನೋಡಿದರೆ ಬ್ರಷ್ ಹೇಗೆ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಡಿಜಿಟಲ್ ಬ್ರಷ್ ಎಂದರೆ ಒಂದು ಚಿಕ್ಕ ಚಿತ್ರದ ಮುದ್ರೆ, ಅದನ್ನು ಗೆರೆಯುದ್ದಕ್ಕೂ ಒತ್ತೊತ್ತಾಗಿ ಒತ್ತುತ್ತ ಹೋಗುತ್ತದೆ. ಆ ಚಿತ್ರ 200 ಪಿಕ್ಸೆಲ್‌ನದ್ದಾಗಿದ್ದು ನೀವು 1500ಕ್ಕೆ ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ. ತಿರುಗುಮುರುಗಾಗಿ, ಮೂಲ ಚಿತ್ರವೇ 2500 ಪಿಕ್ಸೆಲ್ ಇದ್ದರೆ ಸಣ್ಣ ಅಳತೆಯಲ್ಲಿ ಅದರ ಕಾಳುಕಾಳು ಒರಟುತನ ಎಲ್ಲ ಕರಗಿಹೋಗಿ ಬರೀ ಬೂದು ಚುಕ್ಕೆಯಾಗುತ್ತದೆ, ಜೊತೆಗೆ ಕಂಪ್ಯೂಟರೂ ಏದುಸಿರು ಬಿಡುತ್ತದೆ. ಮುದ್ರೆಗಳ ನಡುವಿನ ಅಂತರ ತೀರ ಕಡಿಮೆ ಇಟ್ಟಿದ್ದರೆ ಇನ್ನೂ ನಿಧಾನ. ಇಂಥ ಬ್ರಷ್ ಕೆಟ್ಟದ್ದೆಂದಲ್ಲ, ಒಂದೇ ಅಳತೆಗೆ ಮಾಡಿದ್ದು. ಮೇಜಿಗೆ ತಂದರೆ ಹೆಸರಿನಲ್ಲೇ ಆ ಅಳತೆ ಬರೆದಿಡಿ.

ಒಂದು ಪ್ಯಾಕ್‌ಗೆ ಹತ್ತು ಹದಿನೈದು ನಿಮಿಷ ಸಾಕು. ದಿನಕ್ಕೆ ಎರಡು ಪ್ಯಾಕ್‌ಗಿಂತ ಹೆಚ್ಚು ಪರೀಕ್ಷಿಸಬೇಡಿ, ಕಣ್ಣು ದಣಿದರೆ ಎಲ್ಲ ಒಂದೇ ತರಹ ಕಾಣತೊಡಗುತ್ತವೆ. ಪ್ಯಾಕ್‌ನಲ್ಲಿ 80 ಬ್ರಷ್ ಇದ್ದರೂ ನಿಮ್ಮದು ಎನ್ನಿಸುವವು ಎರಡೋ ಮೂರೋ ಸಿಗುತ್ತವೆ. ಒಂದೂ ಸಿಗದಿದ್ದರೆ ಬೇಸರ ಬೇಡ. ಪರೀಕ್ಷೆಯ ಹಾಳೆಯಲ್ಲಿ ಪ್ರತಿ ಗೆರೆಯ ಪಕ್ಕದಲ್ಲಿ ಬ್ರಷ್‌ನ ಹೆಸರು ಬರೆದು, ಆ ಹಾಳೆಯನ್ನು ಚಿತ್ರವಾಗಿ ಉಳಿಸಿ, ಕಣಜದಲ್ಲಿ ಅದೇ ಪ್ಯಾಕ್‌ನ ಪಕ್ಕದಲ್ಲಿಡಿ. ನಾಳೆ ಕಣಜದಲ್ಲಿ ಏನಾದರೂ ಹುಡುಕುವಾಗ ಪ್ಯಾಕ್ ಒಂದೊಂದಾಗಿ ತುಂಬಿಸಿ ನೋಡಬೇಕಿಲ್ಲ, ಈ ಹಾಳೆಗಳನ್ನು ಸಣ್ಣ ಚಿತ್ರಗಳಾಗಿ ತಿರುವಿಹಾಕಿದರೆ ಆಯಿತು. ನಾನು ಹೇಳುತ್ತಿರುವುದರಲ್ಲಿ ಒಂದನ್ನಷ್ಟೇ ಪಾಲಿಸುತ್ತೀರಿ ಎಂದಾದರೆ ಇದನ್ನೇ ಪಾಲಿಸಿ.

ಮೇಜಿಗೆ ಬಂದವನ್ನು ಹೇಗೆ ಗುಂಪು ಮಾಡುವುದು? ಇಲ್ಲಿ ಮಾಡಿದವರ ಹೆಸರಿನ ಕ್ರಮ ಕೆಲಸಕ್ಕೆ ಬರುವುದಿಲ್ಲ. ಬಣ್ಣ ಹಚ್ಚುತ್ತಿರುವಾಗ ನಿಮ್ಮ ಮನಸ್ಸಿನಲ್ಲಿರುವುದು ‘ಈ ಅಂಚನ್ನು ಮೆದು ಮಾಡಬೇಕು’ ಎನ್ನುವ ಮಾತು, ಯಾರ ಪ್ಯಾಕ್ ಎನ್ನುವುದಲ್ಲ. ಆದ್ದರಿಂದ ಗುಂಪಿನ ಹೆಸರು ಕ್ರಿಯಾಪದವಾಗಿರಲಿ. ನನ್ನವು ಇವು: ಗೀಚು, ಗೆರೆ ಎಳೆ, ತುಂಬು, ಬೆರೆಸು, ಒರಟು ಮಾಡು. ಐದೇ. ನಿಮ್ಮವು ಬೇರೆ ಇರಬಹುದು. ಕಾಮಿಕ್ಸ್ ಮಾಡುವವರಿಗೆ ಗೆರೆಯೇ ಮೂರು ಗುಂಪಾಗಬೇಕಾದೀತು, ಭೂದೃಶ್ಯ ಬಿಡಿಸುವವರಿಗೆ ಎಲೆ, ಕಲ್ಲು, ಮೋಡಕ್ಕೆ ಜಾಗ ಬೇಕಾದೀತು. ಆದರೆ ‘ಜಲವರ್ಣ’, ‘ತೈಲವರ್ಣ’, ‘ಪೆನ್ಸಿಲ್’ ಎಂದು ಮಾಧ್ಯಮದ ಹೆಸರಿನಲ್ಲಿ ಗುಂಪು ಮಾಡುವುದನ್ನು ನಾನು ಒಪ್ಪುವುದಿಲ್ಲ. ಜಲವರ್ಣ ಎಂದು ಮಾರಿದ ಬ್ರಷ್ ನಿಮ್ಮ ಕೈಯಲ್ಲಿ ಚರ್ಮದ ಬಣ್ಣ ಬೆರೆಸುವುದಕ್ಕೆ ಚೆನ್ನಾಗಿ ಒದಗಬಹುದು. ಅದರ ಜಾಗ ಆಗ ‘ಬೆರೆಸು’ ಗುಂಪಿನಲ್ಲಿ. ಬಹುಶಃ ನೀವು ಎರಡು ಸಲ ಕೈಬಿಟ್ಟದ್ದೂ ಇಲ್ಲೇ ಇರಬೇಕು. ಮಾಧ್ಯಮದ ಹೆಸರಿನ ಫೋಲ್ಡರ್ ಮಾಡಿದರೆ ಅರ್ಧದಷ್ಟು ಬ್ರಷ್‌ಗಳು ಎರಡು ಕಡೆ ಸಲ್ಲುತ್ತವೆ, ಪ್ರತಿಯೊಂದಕ್ಕೂ ಕೂತು ಯೋಚಿಸಬೇಕಾಗುತ್ತದೆ, ನೂರನೆಯದಕ್ಕೆ ಬರುವಷ್ಟರಲ್ಲಿ ಉತ್ಸಾಹ ಬತ್ತುತ್ತದೆ.

ಹೆಸರಿಡುವಾಗಲೂ ಇದೇ ನಿಯಮ. ‘ಹೊಸ ಬ್ರಷ್ 17’, ‘ಸ್ಯಾಂಪಲ್ಡ್ ಬ್ರಷ್ 3 ಕಾಪಿ’ ಎಂಬ ಹೆಸರುಗಳು ಮೇಜಿನ ಮೇಲೆ ಇರಕೂಡದು. ಏನು ಮಾಡುತ್ತದೆ, ಹೇಗೆ ಮಾಡುತ್ತದೆ, ಯಾರದು, ಈ ಮೂರು ಹೆಸರಿನಲ್ಲಿರಲಿ. ‘ಬೆರೆಸು, ಒದ್ದೆ ಅಂಚು, 300ರವರೆಗೆ’ ಎಂದು ಬರೆದು ಕೊನೆಗೆ ಮಾಡಿದವರ ಹೆಸರಿನ ಎರಡು ಅಕ್ಷರ ಸೇರಿಸಿ. ಮೊದಲು ಬರುವ ಪದ ಮುಖ್ಯವಾಗಬೇಕು, ಪ್ಯಾನೆಲ್ ಕಿರಿದಾದಾಗ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಫೋಟೋಶಾಪ್‌ನ ಬ್ರಷ್ ಪ್ಯಾನೆಲ್‌ನಲ್ಲಿ ಹುಡುಕುವ ಪಟ್ಟಿ ಇದೆ, ಆದರೆ ಅದು ಹುಡುಕುವುದು ಹೆಸರನ್ನು ಮಾತ್ರ. ಹೆಸರು ಸರಿಯಿದ್ದರೆ ಅದೂ ಕೆಲಸಕ್ಕೆ ಬರುತ್ತದೆ.

ತಂತ್ರಾಂಶಗಳ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಫೋಟೋಶಾಪ್‌ನಲ್ಲಿ ಬ್ರಷ್‌ಗಳಿಗೆ ಗುಂಪು ಮಾಡುವ ಸೌಲಭ್ಯ ಬಂದದ್ದು 2017ರ ಅಕ್ಟೋಬರ್‌ನಲ್ಲಿ ಹೊರಬಂದ ಸಿಸಿ 2018 ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ ಪಾಠಗಳಲ್ಲಿ ಹೇಳುವ ಪ್ರೀಸೆಟ್ ಮ್ಯಾನೇಜರ್ ದಾರಿ ಈಗ ಬೇಡ. ಗುಂಪಿನೊಳಗೆ ಗುಂಪು ಮಾಡಬಹುದು, ಆದರೆ ಒಂದು ಹಂತಕ್ಕಿಂತ ಒಳಗೆ ಹೋಗಬೇಡಿ. ಬ್ರಷ್ ಉಳಿಸುವಾಗ ‘ಟೂಲ್ ಸೆಟ್ಟಿಂಗ್ಸ್ ಸೇರಿಸು’ ಎಂಬ ಆಯ್ಕೆ ಇದೆ. ಬೆರೆಸುವ ಸ್ಮಜ್, ಮಿಕ್ಸರ್ ಬ್ರಷ್‌ಗಳಿಗೆ ಅದನ್ನು ಖಂಡಿತ ಹಾಕಿಕೊಳ್ಳಿ, ಆಗ ಬ್ರಷ್ ಆರಿಸಿದ ಕೂಡಲೇ ಟೂಲ್ ಕೂಡ ತಾನಾಗಿ ಬದಲಾಗುತ್ತದೆ. ಜೊತೆಗೆ ಬಂದ ಮೂಲ ಬ್ರಷ್‌ಗಳನ್ನು ಮೇಜಿನಿಂದ ತೆಗೆಯಲು ಹೆದರಬೇಡಿ. ಮೆನುವಿನಿಂದ ಅವನ್ನು ಯಾವಾಗ ಬೇಕಾದರೂ ಮರಳಿ ತರಬಹುದು.

ಪ್ರೊಕ್ರಿಯೇಟ್‌ನಲ್ಲಿ ಮೇಜಿನ ಐದು ಸೆಟ್‌ಗಳನ್ನು ಎಲ್ಲಕ್ಕಿಂತ ಮೇಲೆ ಇಡಿ. ಬ್ರಷ್‌ಗಳನ್ನು ಅವುಗಳಿಗೆ ಎಳೆದು ಹಾಕುವ ಮೊದಲು ನಕಲು ತೆಗೆದು, ನಕಲನ್ನು ಹಾಕಿ. ಸೆಟ್ ಅಳಿಸಿದರೆ ಅದನ್ನು ಹಿಂದಕ್ಕೆ ಪಡೆಯುವ ಬಟನ್ ಇಲ್ಲ, ಇದನ್ನು ಮರೆಯಬೇಡಿ. ಕ್ಲಿಪ್ ಸ್ಟುಡಿಯೋದಲ್ಲಿ ಇನ್ನೊಂದು ಸಂಗತಿ ಇದೆ. ನೀವು ಕೆಲಸದ ನಡುವೆ ಬ್ರಷ್‌ನ ಸಾಂದ್ರತೆಯನ್ನೋ ಅಳತೆಯನ್ನೋ ಬದಲಿಸಿದರೆ ಅದು ಹಾಗೇ ನೆನಪಿಟ್ಟುಕೊಳ್ಳುತ್ತದೆ. ಎರಡು ತಿಂಗಳಲ್ಲಿ ಬ್ರಷ್ ತನ್ನ ಮೂಲ ಗುಣದಿಂದ ಎಲ್ಲಿಗೋ ಸರಿದಿರುತ್ತದೆ, ‘ಇದು ಮೊದಲು ಹೀಗಿರಲಿಲ್ಲವಲ್ಲ’ ಎನ್ನಿಸುತ್ತದೆ. ಮೇಜಿಗೆ ಬಂದ ಸಬ್ ಟೂಲ್‌ಗೆ ನಿಮಗೆ ಬೇಕಾದ ಸೆಟ್ಟಿಂಗ್ ಹಾಕಿ, ಅದನ್ನೇ ಆರಂಭಿಕ ಸೆಟ್ಟಿಂಗ್ ಆಗಿ ನೋಂದಾಯಿಸಿ. ಆಮೇಲೆ ಎಷ್ಟೇ ಬದಲಿಸಿದರೂ ಒಂದು ಕ್ಲಿಕ್‌ನಲ್ಲಿ ಮರಳಬಹುದು. ಬೇಕಾದ ಟೂಲ್‌ಗಳನ್ನು ಒಂದೇ ಕಡೆ ಇಟ್ಟುಕೊಳ್ಳುವ ಕ್ವಿಕ್ ಆ್ಯಕ್ಸೆಸ್ ಪ್ಯಾಲೆಟ್ ಅಂತೂ ಮೇಜೆಂಬ ಕಲ್ಪನೆಗೆ ಹೇಳಿ ಮಾಡಿಸಿದಂತಿದೆ.

ನೀವು ಬಳಸದಿದ್ದರೂ ಕ್ರಿಟಾ ಎಂಬ ಉಚಿತ ಚಿತ್ರ ತಂತ್ರಾಂಶದ ಬಗ್ಗೆ ಒಂದು ಮಾತು. ಅಲ್ಲಿ ಫೋಲ್ಡರುಗಳ ಬದಲು ಟ್ಯಾಗ್‌ಗಳಿವೆ, ಒಂದೇ ಬ್ರಷ್‌ಗೆ ಎಷ್ಟು ಬೇಕಾದರೂ ಟ್ಯಾಗ್ ಹಾಕಬಹುದು. ಬಲ ಬಟನ್ ಒತ್ತಿದರೆ ಅರಳುವ ವೃತ್ತದಲ್ಲಿ ಆರಿಸಿದ ಟ್ಯಾಗ್‌ನ 10 ಬ್ರಷ್‌ಗಳು ಕಾಣುತ್ತವೆ. ಎರಡು ಗುಂಪಿಗೆ ಸಲ್ಲುವ ಬ್ರಷ್‌ನ ಸಂಕಟಕ್ಕೆ ಇಷ್ಟು ಒಳ್ಳೆಯ ಪರಿಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ತಂತ್ರಾಂಶದ ಬ್ರಷ್‌ಗಳನ್ನು ಇನ್ನೊಂದಕ್ಕೆ ಬದಲಿಸಿ ಎಲ್ಲ ಕಡೆ ಒಂದೇ ಮೇಜು ಮಾಡುವ ಆಸೆ ನಿಮಗೆ ಬಂದೇ ಬರುತ್ತದೆ. 2019ರಲ್ಲಿ ಬಂದ 5ನೆಯ ಆವೃತ್ತಿಯಿಂದ ಪ್ರೊಕ್ರಿಯೇಟ್ ಎಬಿಆರ್ ಫೈಲನ್ನು ನೇರವಾಗಿ ಓದುತ್ತದೆ, ಕ್ಲಿಪ್ ಸ್ಟುಡಿಯೋ ಕೂಡ ಈಗ ಓದುತ್ತದೆ. ಬ್ರಷ್‌ನ ತುದಿಯೇನೋ ಬರುತ್ತದೆ. ಆದರೆ ಒತ್ತಡಕ್ಕೆ, ವಾಲಿಕೆಗೆ ಬ್ರಷ್ ಹೇಗೆ ಸ್ಪಂದಿಸುತ್ತದೆ, ಬಣ್ಣ ಹೇಗೆ ಕಲೆಯುತ್ತದೆ ಎನ್ನುವುದು ಆಯಾ ತಂತ್ರಾಂಶದ ಎಂಜಿನ್‌ಗೆ ಸೇರಿದ್ದು, ಅದು ಪೂರ್ತಿ ಬರುವುದಿಲ್ಲ. ಬಂದದ್ದನ್ನು ಹೊಸ ಬ್ರಷ್ ಎಂದೇ ಭಾವಿಸಿ ಪರೀಕ್ಷೆಯ ಹಾಳೆಗೆ ಹಾಕಿ. ಮೂರು ತಂತ್ರಾಂಶಕ್ಕೂ ಗುಂಪುಗಳ ಹೆಸರು ಒಂದೇ ಇರಲಿ, ಒಳಗಿನ ಬ್ರಷ್‌ಗಳು ಬೇರೆ ಬೇರೆ ಇರಲಿ. ಕೈಗೆ ಅಷ್ಟು ಸಾಕು.

ನಿಮ್ಮ 4000ದಲ್ಲಿ ದೊಡ್ಡ ಪಾಲು ಬ್ರಷ್‌ಗಳೇ ಅಲ್ಲದಿರಬಹುದು, ಇದನ್ನೂ ಗಮನಿಸಿ. ಹಕ್ಕಿ, ಎಲೆ, ಲೇಸ್, ಕಿಟಕಿ, ಹೊಗೆ ಎಂದು ಒಮ್ಮೆ ಒತ್ತಿದರೆ ಇಡೀ ಆಕೃತಿ ಮೂಡುವಂಥವು ಅಚ್ಚುಗಳು. ಅವುಗಳಿಂದ ಗೆರೆ ಎಳೆಯಲಾಗದು. ಅವನ್ನು ಪೂರ್ತಿಯಾಗಿ ಮೇಜಿನಿಂದ ಎತ್ತಿ ಕಣಜದಲ್ಲಿ ‘ಅಚ್ಚು’ ಎಂಬ ಬೇರೆ ಫೋಲ್ಡರಿಗೆ ಹಾಕಿ, ಇಲ್ಲಿ ಮಾತ್ರ ವಿಷಯದ ಪ್ರಕಾರ ಜೋಡಿಸಿ. ಬೇಕಾದಾಗ ಆ ಒಂದು ಪ್ಯಾಕ್ ತುಂಬಿಸಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಇಷ್ಟು ಮಾಡಿದರೇ ಪ್ಯಾನೆಲ್ ಎಷ್ಟು ಹಗುರಾಗುತ್ತದೆ ನೋಡಿ.

ಹೊಸದಾಗಿ ಇಳಿಸಿಕೊಳ್ಳುವುದಕ್ಕೆ ‘ಕಾಯುತ್ತಿವೆ’ ಎಂಬ ಫೋಲ್ಡರ್ ಒಂದಿರಲಿ. ಅಲ್ಲಿಂದ ಪರೀಕ್ಷೆಯ ಹಾಳೆ ದಾಟದೆ ಯಾವುದೂ ತಂತ್ರಾಂಶದ ಒಳಗೆ ಹೋಗಬಾರದು. ತಿಂಗಳ ಕೊನೆಗೆ ಮೇಜನ್ನು ಒಮ್ಮೆ ರಫ್ತು ಮಾಡಿ ತಾರೀಕು ಹಾಕಿ ಇಡಿ, ಐದು ನಿಮಿಷದ ಕೆಲಸ.

ಈಗ ನಿಮ್ಮ ಕಳೆದುಹೋದ ಇದ್ದಿಲ ಬ್ರಷ್. ಅದು ನಿಮ್ಮಲ್ಲೇ ಇದೆ, ಹುಡುಕಬಹುದು. ಚಿತ್ರದ ಫೈಲಿನಲ್ಲಿ ಯಾವ ಬ್ರಷ್ ಬಳಸಿದ್ದು ಎಂಬ ದಾಖಲೆ ಇರುವುದಿಲ್ಲ, ಆದರೆ ಚಿತ್ರವೇ ಸುಳಿವು ಕೊಡುತ್ತದೆ. ಮೊದಲು ಆ ಭಾವಚಿತ್ರದ ಫೈಲಿನ ತಾರೀಕು ನೋಡಿ. ಆ ತಾರೀಕಿನ ನಂತರ ಇಳಿಸಿಕೊಂಡ ಪ್ಯಾಕ್‌ಗಳೆಲ್ಲ ಲೆಕ್ಕಕ್ಕಿಲ್ಲ. ಆ ತಾರೀಕಿನ ಹಿಂದಿನ ಎರಡು ಮೂರು ತಿಂಗಳಲ್ಲಿ ಬಂದವನ್ನು ಮೊದಲು ನೋಡಿ, ಹೊಸ ಬ್ರಷ್ ಸಿಕ್ಕಾಗಲೇ ನಾವು ಅದನ್ನು ಹೆಚ್ಚು ಬಳಸುವುದು. ಅದು ಯಾವ ತಂತ್ರಾಂಶದ ಫೈಲು ಎನ್ನುವುದರಿಂದಲೇ ಸಂಗ್ರಹದ ಒಂದು ದೊಡ್ಡ ಭಾಗ ಕಳಚಿಕೊಳ್ಳುತ್ತದೆ.

ಆಮೇಲೆ ಚಿತ್ರದಲ್ಲಿ ಎಲ್ಲಾದರೂ ಒಂಟಿ ಗೆರೆ ಇರುವ ಜಾಗ ಹುಡುಕಿ. ಕಿವಿಯ ಹಿಂದೆ, ಭುಜದ ತುದಿಯಲ್ಲಿ, ಕೂದಲು ಹಿನ್ನೆಲೆಗೆ ಕರಗುವಲ್ಲಿ ಅಂಥ ಗೆರೆಗಳು ಉಳಿದಿರುತ್ತವೆ. ಅಲ್ಲಿಗೆ 200 ಪ್ರತಿಶತ ಹಿಗ್ಗಿಸಿ. ಗೆರೆಯ ತುದಿಯನ್ನು ನೋಡಿ: ದುಂಡಗೆ ನಿಂತಿದೆಯೋ, ಹರಿದಂತೆ ನಿಂತಿದೆಯೋ, ಓರೆಯಾಗಿದೆಯೋ. ಆ ತುದಿಯೇ ಬ್ರಷ್‌ನ ಮುದ್ರೆಯ ಆಕಾರ. ಒಳಗಿನ ಕಾಳು, ಅಂದರೆ ಗೆರೆಯ ಒರಟು ಟೆಕ್ಸ್ಚರ್ ನೋಡಿ: ಅಕ್ಕಪಕ್ಕದ ಎರಡು ಗೆರೆಗಳಲ್ಲಿ ಬಿಳಿ ಚುಕ್ಕೆಗಳು ಒಂದೇ ಜಾಗದಲ್ಲಿ ಸಾಲಾಗಿ ನಿಂತಿದ್ದರೆ ಟೆಕ್ಸ್ಚರ್ ಕಾಗದಕ್ಕೆ ಅಂಟಿದ ಬಗೆಯದು, ಗೆರೆಯ ಜೊತೆಗೆ ಎಳೆದುಕೊಂಡು ಹೋದಂತಿದ್ದರೆ ಟೆಕ್ಸ್ಚರ್ ಬ್ರಷ್ ಜೊತೆಗೆ ಚಲಿಸುವ ಬಗೆಯದು. ಇಷ್ಟು ಗೊತ್ತಾದರೆ ಹತ್ತು ಇದ್ದಿಲ ಬ್ರಷ್‌ಗಳಲ್ಲಿ ಏಳೆಂಟು ತಾವಾಗಿ ದೂರವಾಗುತ್ತವೆ.

ಪ್ರೊಕ್ರಿಯೇಟ್ ಬ್ರಷ್ ಆಗಿದ್ದರೆ ಇನ್ನೂ ಸುಲಭ. ಅದರ ಬ್ರಷ್ ಫೈಲು ನಿಜಕ್ಕೂ ಒಂದು ಜಿಪ್. ಕಂಪ್ಯೂಟರಿನಲ್ಲಿ ಅದರ ಪ್ರತಿಯೊಂದನ್ನು ತೆಗೆದು, ಕೊನೆಯ ವಿಸ್ತರಣೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಬ್ರಷ್‌ನ ಸಣ್ಣ ನಮೂನೆ ಚಿತ್ರ ಸಿಗುತ್ತದೆ. ಮಾಡಿದವರು ತಮ್ಮದೇ ಆಕಾರ, ಕಾಳು ಬಳಸಿದ್ದರೆ ಆ ಎರಡು ಚಿತ್ರಗಳೂ ಇರುತ್ತವೆ. ಐವತ್ತು ಬ್ರಷ್‌ಗಳ ಕಾಳಿನ ಚಿತ್ರಗಳನ್ನು ಒಂದೇ ಕಿಟಕಿಯಲ್ಲಿ ಹರಡಿಕೊಂಡು ನಿಮ್ಮ ಭಾವಚಿತ್ರದ ಆ ಭುಜದ ಗೆರೆಯ ಜೊತೆ ಹೋಲಿಸಿ ನೋಡಿ.

ಸಿಕ್ಕಿದ ಕೂಡಲೇ ಎರಡು ಗೆರೆ ಎಳೆದು ಖುಷಿಪಟ್ಟು ಬಿಟ್ಟುಬಿಡಬೇಡಿ. ನಕಲು ತೆಗೆದು, ‘ಗೀಚು, ಇದ್ದಿಲು’ ಎಂದು ಹೆಸರಿಟ್ಟು, ಅದೊಂದನ್ನೇ ಪ್ರತ್ಯೇಕ ಫೈಲಾಗಿ ರಫ್ತು ಮಾಡಿ. ಅದರ ಜೊತೆ ಆ ಭಾವಚಿತ್ರದಿಂದ ಭುಜದ ಆ ಗೆರೆಯಿರುವ ಒಂದು ತುಣುಕನ್ನು ಕತ್ತರಿಸಿ ಅದೇ ಹೆಸರಿನಲ್ಲಿ ಇಡಿ.